ತೋಟದ ಮನೆಯ ವೈಫೈಗೆ ಬೀಗ: ರೂಟರ್‌ನಿಂದ ಆಧಾರ್‌ವರೆಗೆ ಒಂದೊಂದೇ ಹೆಜ್ಜೆ

ಮಲೆನಾಡಿನ ಬಹಳಷ್ಟು ಹೋಮ್‌ಸ್ಟೇಗಳ ಊಟದ ಹಾಲ್‌ನಲ್ಲಿ ಲ್ಯಾಮಿನೇಟ್ ಮಾಡಿದ ಒಂದು ಚೀಟಿ ಅಂಟಿಸಿರುತ್ತಾರೆ. ಮೇಲೆ ವೈಫೈ ಹೆಸರು, ಕೆಳಗೆ ಪಾಸ್‌ವರ್ಡ್. ಪಾಸ್‌ವರ್ಡ್ ಅಂದರೆ ಹೆಚ್ಚಾಗಿ ತೋಟದ ಹೆಸರಿನ ಮುಂದೆ 123. ಸೀಸನ್‌ನಲ್ಲಿ ವಾರಕ್ಕೆ ಇಪ್ಪತ್ತು ಮೂವತ್ತು ಜನ ಅದನ್ನು ಫೋನಿಗೆ ಹಾಕಿಕೊಂಡು ಹೋಗುತ್ತಾರೆ. ಅದೇ ವೈಫೈಗೆ ಒಳಕೋಣೆಯ ಲ್ಯಾಪ್‌ಟಾಪ್ ಕೂಡ ಸೇರಿರುತ್ತದೆ. ಅದರಲ್ಲಿ ಬಟವಾಡೆ ಲೆಕ್ಕ, ಕೆಲಸದವರ ಆಧಾರ್ ಪ್ರತಿಗಳು, ಬ್ಯಾಂಕಿನ ಲಾಗಿನ್. ಅಂಗಳದ ಸಿಸಿ ಕ್ಯಾಮೆರಾ, ಅಜ್ಜಿಯ ಫೋನು, ಮಕ್ಕಳ ಟ್ಯಾಬ್ ಎಲ್ಲಕ್ಕೂ ಅದೇ ವೈಫೈ.

ನಾನು ಮೂಡಿಗೆರೆ ಕಡೆಯವನು. ಕಳೆದ ಎರಡು ವರ್ಷಗಳಲ್ಲಿ ನೆಂಟರಿಷ್ಟರ ಹತ್ತು ಹನ್ನೆರಡು ಮನೆಗಳಲ್ಲಿ ಕೂತು ರೂಟರ್, ಕ್ಯಾಮೆರಾ, ಫೋನುಗಳನ್ನು ಸರಿಮಾಡಿದ್ದೇನೆ. ಹೆಚ್ಚಿನ ಮನೆಗಳಲ್ಲಿ ಕಳ್ಳ ಬೀಗ ಮುರಿಯಬೇಕಾದ ಅಗತ್ಯವೇ ಇರಲಿಲ್ಲ, ಯಾರೂ ಬೀಗ ಹಾಕಿಯೇ ಇರಲಿಲ್ಲ. ಇನ್ನೊಂದು ವಿಷಯವೂ ಗಮನಕ್ಕೆ ಬಂತು. ನಮ್ಮ ಮನೆಗಳ ಲ್ಯಾಪ್‌ಟಾಪು, ಫೋನುಗಳಲ್ಲಿ ನಮ್ಮ ಗುಟ್ಟಿಗಿಂತ ಬೇರೆಯವರ ಗುಟ್ಟೇ ಹೆಚ್ಚು: ಅತಿಥಿಗಳದ್ದು, ಕೆಲಸದವರದ್ದು, ಓದು ಬರದ ಹಿರಿಯರದ್ದು. ಅವರೆಲ್ಲ ನಂಬಿ ಕೊಟ್ಟವರು. ಆ ಕಾರಣಕ್ಕೇ ನಾನು ಈ ಕೆಲಸಕ್ಕೆ ಇಷ್ಟು ಹೊತ್ತು ಕೊಡುತ್ತೇನೆ.

ಒಂದು ಭಾನುವಾರದ ಮಧ್ಯಾಹ್ನ ಸಾಕು. ಬೇಕಾದದ್ದು ಒಂದು ಲ್ಯಾಪ್‌ಟಾಪ್ ಅಥವಾ ಫೋನು, ಒಂದು ಹೊಸ ನೋಟ್‌ಬುಕ್, ರೂಟರ್‌ನ ತಳದಲ್ಲಿರುವ ಸ್ಟಿಕ್ಕರ್ ಓದಲು ಟಾರ್ಚು.

ಮೊದಲು ನೋಟ್‌ಬುಕ್ಕಿನಲ್ಲಿ ಪಟ್ಟಿ

ಮನೆಯಲ್ಲಿ ಇಂಟರ್‌ನೆಟ್‌ಗೆ ಸೇರಿರುವ ಪ್ರತಿಯೊಂದನ್ನೂ ಬರೆಯಿರಿ. ಫೋನು, ಲ್ಯಾಪ್‌ಟಾಪು ತಕ್ಷಣ ನೆನಪಾಗುತ್ತವೆ. ಟಿವಿ, ಡಿವಿಆರ್ (ಕ್ಯಾಮೆರಾದ ದೃಶ್ಯ ಉಳಿಸಿಡುವ ಪೆಟ್ಟಿಗೆ), ಗೇಟಿನ ಕ್ಯಾಮೆರಾ, ಪ್ರಿಂಟರ್, ವೈಫೈ ಇರುವ ಇನ್ವರ್ಟರ್, ಸ್ಮಾರ್ಟ್ ಪ್ಲಗ್ ಇವು ಮರೆತುಹೋಗುತ್ತವೆ. ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ವೈಫೈಗೆ ಸೇರಿರುವುದಿಲ್ಲ, ಆದರೆ ಅದರೊಳಗೊಂದು ಸಿಮ್ ಇದೆ. ಆ ಸಿಮ್ ಯಾರ ಹೆಸರಲ್ಲಿದೆ, ಯಾವ ಯಾವ ನಂಬರಿನಿಂದ ಮೋಟಾರ್ ಚಾಲೂ ಆಗುತ್ತದೆ ಎಂಬುದನ್ನೂ ಬರೆದಿಡಿ. ಕೆಲಸ ಬಿಟ್ಟುಹೋದ ರೈಟರ (ತೋಟದ ಲೆಕ್ಕ ಬರೆಯುವವರ) ನಂಬರ್ ಇನ್ನೂ ಅದರಲ್ಲಿ ಇರಬಹುದು.

ಹೆಜ್ಜೆ 1: ಇಮೇಲ್‌ನಿಂದ ಶುರುಮಾಡಿ

ಎಲ್ಲರೂ ರೂಟರ್‌ನಿಂದ ಶುರುಮಾಡಲು ಹೊರಡುತ್ತಾರೆ. ನಾನು ಇಮೇಲ್‌ನಿಂದ ಶುರುಮಾಡಿ ಎನ್ನುತ್ತೇನೆ. ಬೇರೆ ಯಾವ ಪಾಸ್‌ವರ್ಡ್ ಮರೆತರೂ ಹೊಸದನ್ನು ಪಡೆಯುವ ಲಿಂಕ್ ಬರುವುದು ಇಮೇಲ್‌ಗೆ. ಅದು ಕೈತಪ್ಪಿದರೆ ಉಳಿದವೆಲ್ಲ ಒಂದೊಂದಾಗಿ ಹೋಗುತ್ತವೆ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ತೆರೆಯಿರಿ, ನಿಮ್ಮ ಖಾತೆಯನ್ನು ನಿರ್ವಹಿಸುವ ಜಾಗಕ್ಕೆ ಹೋಗಿ ಸೆಕ್ಯುರಿಟಿ ವಿಭಾಗ ನೋಡಿ. ಅಲ್ಲಿ ಮೊದಲು ನೋಡಬೇಕಾದದ್ದು ರಿಕವರಿ ಫೋನ್ ನಂಬರ್. ನಮ್ಮ ದೊಡ್ಡಮ್ಮನ ಖಾತೆಯಲ್ಲಿ ಇದ್ದದ್ದು ಅವರಿಗೆ ಫೋನ್ ಮಾರಿದ ಅಂಗಡಿಯ ಹುಡುಗನ ನಂಬರ್. ಫೋನ್ ಕೊಂಡ ದಿನ ಅವನೇ ಖಾತೆ ತೆರೆದುಕೊಟ್ಟಿದ್ದ, ಪಾಸ್‌ವರ್ಡ್ ಅವನೇ ಹಾಕಿದ್ದ, ಅದು ಏನೆಂದು ದೊಡ್ಡಮ್ಮನಿಗೆ ಗೊತ್ತೇ ಇರಲಿಲ್ಲ. ಹುಡುಗ ಒಳ್ಳೆಯವನೇ. ಆದರೂ ಅವನ ಫೋನ್ ಕಳೆದುಹೋದರೆ ಅಪಾಯಕ್ಕೆ ಬೀಳುವುದು ನಮ್ಮ ದೊಡ್ಡಮ್ಮನ ಖಾತೆ. ಹಳೆಯ, ರೀಚಾರ್ಜ್ ನಿಲ್ಲಿಸಿದ ನಂಬರ್ ಇದ್ದರೂ ತೆಗೆಯಿರಿ. ಬಳಸದೆ ಬಿಟ್ಟ ನಂಬರನ್ನು ಕಂಪನಿಯವರು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತಾರೆ.

ಆಮೇಲೆ ಪಾಸ್‌ವರ್ಡ್ ಬದಲಿಸಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಅಜ್ಜಿಗೂ ನೆನಪಿರುವ, ಯಂತ್ರಕ್ಕೂ ಊಹಿಸಲು ಕಷ್ಟವಾದ ಪಾಸ್‌ವರ್ಡ್ ಆಗುತ್ತದೆ. ಒನಕೆ, ಕಂಬಳಿ, ಶನಿವಾರ, ಕೆಸುವು ಹೀಗೆ. ಇದನ್ನೇ ಹಾಕಬೇಡಿ, ನಿಮ್ಮದೇ ಪದಗಳನ್ನು ಆರಿಸಿ. ಗಾದೆಯ ಸಾಲು, ಹಾಡಿನ ಸಾಲು, ಮನೆದೇವರ ಹೆಸರು ಬೇಡ.

ಒಂದೊಂದು ಖಾತೆಗೆ ಒಂದೊಂದು ಪಾಸ್‌ವರ್ಡ್ ಇರಲೇಬೇಕು. ಎಲ್ಲೋ ಒಂದು ಬಟ್ಟೆ ಮಾರುವ ಜಾಲತಾಣದಿಂದ ಪಾಸ್‌ವರ್ಡ್ ಸೋರಿದರೆ ಕಳ್ಳರು ಅದೇ ಇಮೇಲ್, ಅದೇ ಪಾಸ್‌ವರ್ಡ್ ಹಿಡಿದು ಉಳಿದ ಕಡೆಯೆಲ್ಲ ತಟ್ಟಿ ನೋಡುತ್ತಾರೆ. ಇಷ್ಟೊಂದು ನೆನಪಿಡಲು ಆಗುವುದಿಲ್ಲ. ಓದಿದವರಿಗೆ ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್ ಚೆನ್ನ, ಅದರಲ್ಲಿ ಉಚಿತ ಆವೃತ್ತಿಯೂ ಇದೆ. ಹಿರಿಯರಿಗೆ ಬೀರುವಿನಲ್ಲಿಟ್ಟ ನೋಟ್‌ಬುಕ್ ಸಾಕು. ಪಾಸ್‌ವರ್ಡ್ ಬರೆದಿಡಬಾರದು ಎಂದು ಹೇಳುವವರಿದ್ದಾರೆ. ದೂರದ ಕಳ್ಳ ನಿಮ್ಮ ಬೀರು ತೆರೆಯಲಾರ. ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಹಾಕುವುದಕ್ಕಿಂತ ಬರೆದಿಡುವುದು ಎಷ್ಟೋ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಯದಾಗಿ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, ಪಾಸ್‌ವರ್ಡ್ ಜೊತೆಗೆ ಒಂದು ಕೋಡನ್ನೂ ಕೇಳುತ್ತದೆ. ಇಲ್ಲಿ ನಮ್ಮ ಊರಿನದೇ ಒಂದು ತೊಂದರೆ ಇದೆ. ಕಣಿವೆಯಲ್ಲಿರುವ ಮನೆಗಳಲ್ಲಿ ಫೈಬರ್ ಇಂಟರ್‌ನೆಟ್ ಇರುತ್ತದೆ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ಒಟಿಪಿ ನೋಡಲು ಗುಡ್ಡ ಹತ್ತಬೇಕು, ಇಳಿಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಇಂಥ ಮನೆಗಳಿಗೆ ಅಥೆಂಟಿಕೇಟರ್ ಆಪ್ ಹೇಳಿ ಮಾಡಿಸಿದಂತಿದೆ. ಅದು ಫೋನಿನ ಗಡಿಯಾರ ಮತ್ತು ಒಳಗೇ ಇಟ್ಟುಕೊಂಡ ಒಂದು ಗುಪ್ತ ಸಂಖ್ಯೆಯಿಂದ ಪ್ರತಿ 30 ಸೆಕೆಂಡಿಗೊಂದು ಹೊಸ ಕೋಡ್ ಲೆಕ್ಕ ಹಾಕುತ್ತದೆ. ಸಿಗ್ನಲ್ಲೂ ಬೇಡ, ಇಂಟರ್‌ನೆಟ್ಟೂ ಬೇಡ. ಜೊತೆಗೆ ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಮಳೆಗಾಲದಲ್ಲಿ ಫೋನು ನೀರಿಗೆ ಬಿದ್ದಾಗ ಕೈಹಿಡಿಯುವುದು ಅವೇ. ಬ್ಯಾಂಕಿನವರ ಒಟಿಪಿ ಎಸ್ಎಂಎಸ್ಸಿನಲ್ಲೇ ಬರುವುದಾದರೆ ಫೋನಿನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿ ನೋಡಿ.

ಹೆಜ್ಜೆ 2: ರೂಟರ್‌ನೊಳಗೆ ಹೋಗಿ

ಮನೆಯ ವೈಫೈಗೆ ಸೇರಿಕೊಂಡು ಬ್ರೌಸರ್‌ನ ವಿಳಾಸದ ಪಟ್ಟಿಯಲ್ಲಿ 192.168.1.1 ಎಂದು ಹಾಕಿ. ತೆರೆಯದಿದ್ದರೆ 192.168.0.1. ಎರಡೂ ಅಲ್ಲವಾದರೆ ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ ಎಂದು ಇರುವ ಸಂಖ್ಯೆ ನೋಡಿ, ಅದೇ ರೂಟರ್‌ನ ವಿಳಾಸ. ಹೆಸರು, ಪಾಸ್‌ವರ್ಡ್ ಕೇಳುತ್ತದೆ. ತಳದ ಸ್ಟಿಕ್ಕರ್‌ನಲ್ಲಿ ಅಚ್ಚಾಗಿರುತ್ತದೆ.

ಇಲ್ಲೇ ಹೆಚ್ಚಿನವರು ಎಡವುವುದು. ರೂಟರ್‌ಗೆ ಎರಡು ಪಾಸ್‌ವರ್ಡ್. ಒಂದು ವೈಫೈಗೆ ಸೇರಲು, ಇನ್ನೊಂದು ರೂಟರ್‌ನ ಒಳಗಿನ ಸೆಟ್ಟಿಂಗ್ ಬದಲಿಸಲು. ಮೊದಲನೆಯದನ್ನು ಎಲ್ಲರೂ ಬದಲಿಸುತ್ತಾರೆ. ಎರಡನೆಯದು ಕಾರ್ಖಾನೆಯಿಂದ ಬಂದ ಹಾಗೇ ಉಳಿಯುತ್ತದೆ, ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲೋಕದ ತುಂಬ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶ ಮಾಡಿಕೊಂಡಿತು. ಅದಕ್ಕೆ ದೊಡ್ಡ ವಿದ್ಯೆ ಬೇಕಾಗಲಿಲ್ಲ. ಕಾರ್ಖಾನೆಯ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಇಟ್ಟುಕೊಂಡು ಒಂದೊಂದಾಗಿ ಹಾಕಿ ನೋಡುತ್ತಿತ್ತು, ಅಷ್ಟೇ. ಆ ವರ್ಷದ ಅಕ್ಟೋಬರ್ 21ರಂದು ಅಂಥ ಯಂತ್ರಗಳೆಲ್ಲ ಸೇರಿ ಜಾಲತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳೇ ಗಂಟೆಗಟ್ಟಲೆ ತೆರೆಯಲಿಲ್ಲ. ಕ್ಯಾಮೆರಾಗಳ ಮಾಲೀಕರಿಗೆ ತಮ್ಮ ಮನೆಯ ಯಂತ್ರವೂ ಅದರಲ್ಲಿತ್ತೆಂದು ತಿಳಿಯುವ ದಾರಿಯೇ ಇರಲಿಲ್ಲ.

ಆದ್ದರಿಂದ ಒಳಹೊಕ್ಕ ತಕ್ಷಣ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ನೋಟ್‌ಬುಕ್ಕಿಗೆ ಬರೆಯಿರಿ. ಕೆಲವು ಕಂಪನಿಗಳು ತಾವು ಕೊಟ್ಟ ಬಾಕ್ಸಿನ ಒಳಗೆ ಗ್ರಾಹಕರನ್ನು ಪೂರ್ತಿ ಬಿಡುವುದಿಲ್ಲ. ಆಗ ಕೇಬಲ್‌ನವರಿಗೆ ಫೋನ್ ಮಾಡಿ, ಅವರು ಬಂದಾಗ ಪಕ್ಕದಲ್ಲೇ ಕೂತು ಮಾಡಿಸಿಕೊಳ್ಳಿ. ಹೊಸ ಪಾಸ್‌ವರ್ಡನ್ನು ನೀವೇ ಟೈಪ್ ಮಾಡಿ.

ಮುಂದೆ ವೈಫೈ ಸೆಕ್ಯುರಿಟಿ, ಅಂದರೆ ಗಾಳಿಯಲ್ಲಿ ಹೋಗುವ ಮಾಹಿತಿಗೆ ಹಾಕುವ ಬೀಗದ ಬಗೆ. ಡಬ್ಲ್ಯುಪಿಎ3 ಇದ್ದರೆ ಅದನ್ನು ಆರಿಸಿ. ಹಳೆಯ ಫೋನುಗಳು ಸೇರದಿದ್ದರೆ ಡಬ್ಲ್ಯುಪಿಎ2, ಅದರಲ್ಲಿ ಎಇಎಸ್ ಎಂಬ ಆಯ್ಕೆ. ಹಳೆಯ, ಸುಲಭವಾಗಿ ಮುರಿಯುವ ಡಬ್ಲ್ಯುಇಪಿ ಮಾತ್ರ ಕಂಡರೆ ಆ ರೂಟರನ್ನೇ ಬದಲಿಸುವ ಕಾಲ ಬಂದಿದೆ ಎಂದರ್ಥ. ವೈಫೈ ಹೆಸರಿನಲ್ಲಿ ಮನೆತನದ ಹೆಸರು, ಫೋನ್ ನಂಬರ್ ಬೇಡ.

ಡಬ್ಲ್ಯುಪಿಎಸ್ ಎಂಬುದನ್ನು ಆಫ್ ಮಾಡಿ. ಗುಂಡಿ ಒತ್ತಿ ಅಥವಾ 8 ಅಂಕಿಯ ಪಿನ್ ಹಾಕಿ ವೈಫೈಗೆ ಸೇರುವ ಸೌಲಭ್ಯ ಅದು. 8 ಅಂಕಿ ಎಂದರೆ ಕೋಟಿಗಟ್ಟಲೆ ಸಾಧ್ಯತೆ ಎಂದು ಅನ್ನಿಸುತ್ತದೆ. ಆದರೆ ರೂಟರ್ ಆ ಪಿನ್ನನ್ನು ಎರಡು ತುಂಡು ಮಾಡಿ ನೋಡುತ್ತದೆ, ಮೊದಲ ನಾಲ್ಕು ಸರಿಯೇ ಎಂದು ಮೊದಲೇ ಹೇಳಿಬಿಡುತ್ತದೆ. ಉಳಿದ ನಾಲ್ಕರಲ್ಲಿ ಕೊನೆಯ ಅಂಕಿ ಹಿಂದಿನವುಗಳಿಂದ ಲೆಕ್ಕ ಹಾಕಿದ್ದು. ಹಾಗಾಗಿ 10,000ಕ್ಕೆ 1,000 ಸೇರಿಸಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಬಾಗಿಲು ತೆರೆಯುತ್ತದೆ. ಈ ದೋಷ 2011ರಲ್ಲೇ ಬಯಲಾಯಿತು, ಹಳೆಯ ಬಾಕ್ಸುಗಳಲ್ಲಿ ಈ ಪಿನ್ ಇನ್ನೂ ಚಾಲೂ ಇರುತ್ತದೆ.

ಹೊರಗಿನಿಂದ ರೂಟರ್‌ನ ಸೆಟ್ಟಿಂಗ್ ಬದಲಿಸಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್. ಮನೆಯ ಯಂತ್ರಗಳು ತಾವಾಗಿಯೇ ಹೊರಗಿನವರಿಗೆ ದಾರಿ ತೆರೆಯಲು ಬಿಡುವ ಯುಪಿಎನ್‌ಪಿ ಆಫ್. ಫರ್ಮ್‌ವೇರ್ (ರೂಟರ್‌ನೊಳಗಿನ ತಂತ್ರಾಂಶ) ಅಪ್‌ಡೇಟ್ ಇದ್ದರೆ ಹಾಕಿ, ಆದರೆ ಗುಡುಗು ಮಿಂಚಿರುವಾಗ ಬೇಡ. ಅರ್ಧದಲ್ಲಿ ಕರೆಂಟು ಹೋದರೆ ರೂಟರ್ ಮತ್ತೆ ಏಳದೇ ಇರಬಹುದು.

ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆಗೆ ಡಿಎನ್‌ಎಸ್ ಎನ್ನುತ್ತಾರೆ. ಆ ಜಾಗದಲ್ಲಿ 9.9.9.9 ಹಾಕಿದರೆ ಗೊತ್ತಿರುವ ಮೋಸದ ಜಾಲತಾಣಗಳ ವಿಳಾಸವನ್ನು ಅದು ಕೊಡುವುದೇ ಇಲ್ಲ. ಮಕ್ಕಳಿರುವ ಮನೆಗೆ 1.1.1.3 ಒಳ್ಳೆಯದು, ಅಶ್ಲೀಲ ತಾಣಗಳನ್ನೂ ತಡೆಯುತ್ತದೆ. ಇದರಿಂದ ಎಲ್ಲ ಮೋಸವೂ ನಿಲ್ಲುವುದಿಲ್ಲ, ಆದರೆ ಅವಸರದಲ್ಲಿ ಒತ್ತಿದ ಎಷ್ಟೋ ಲಿಂಕುಗಳು ತೆರೆಯದೆ ಉಳಿಯುತ್ತವೆ.

ಇನ್ನು ಸಿಡಿಲಿನ ವಿಷಯ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ನಮ್ಮ ಕಡೆ ಎಷ್ಟು ರೂಟರ್ ಸುಡುತ್ತವೆ ಎಂಬುದು ಇಲ್ಲಿಯವರಿಗೆಲ್ಲ ಗೊತ್ತು. ಫೈಬರ್ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಸುಡುವುದು ಕರೆಂಟಿನ ತಂತಿ ಮತ್ತು ಕ್ಯಾಮೆರಾಕ್ಕೆ ಎಳೆದ ಉದ್ದದ ಕೇಬಲ್ ಮೂಲಕ. ಎರಡು ವರ್ಷದ ಹಿಂದೆ ನಮ್ಮ ಮನೆಯ ಬಾಕ್ಸೂ ಹೋಯಿತು. ಟೆಕ್ನಿಷಿಯನ್ ಮರುದಿನವೇ ಹೊಸದನ್ನು ತಂದು ಹಾಕಿದ, ಹಳೆಯ ವೈಫೈ ಹೆಸರು, ಪಾಸ್‌ವರ್ಡನ್ನೇ ಕೊಟ್ಟುಹೋದ, ಎಲ್ಲ ಮೊದಲಿನಂತೆಯೇ ಕಂಡಿತು. ಎಂಟು ತಿಂಗಳ ನಂತರ ಬೇರೇನೋ ಕೆಲಸಕ್ಕೆ ಒಳಗೆ ಹೋದರೆ ಅಡ್ಮಿನ್ ಪಾಸ್‌ವರ್ಡ್ ಸ್ಟಿಕ್ಕರ್‌ನದೇ, ಡಬ್ಲ್ಯುಪಿಎಸ್ ಚಾಲೂ. ಅಷ್ಟು ದಿನ ಮನೆ ಬಾಗಿಲು ತೆರೆದೇ ಇತ್ತು. ಬಾಕ್ಸ್ ಬದಲಾದಾಗಲೆಲ್ಲ, ಯಾರಾದರೂ ರಿಸೆಟ್ ತೂತಿಗೆ ಪಿನ್ ಚುಚ್ಚಿದಾಗಲೆಲ್ಲ ಈ ಹೆಜ್ಜೆಯನ್ನು ಮೊದಲಿನಿಂದ ಮಾಡಬೇಕು. ಹೋಮ್‌ಸ್ಟೇಗಳಲ್ಲಿ ರೂಟರ್ ಅತಿಥಿಗಳ ಕೈಗೆ ಸಿಗುವ ಮೇಜಿನ ಮೇಲೆ ಇರುವುದೂ ಸರಿಯಲ್ಲ.

ಹೆಜ್ಜೆ 3: ಅತಿಥಿಗಳಿಗೆ ಬೇರೆ ವೈಫೈ

ರೂಟರ್‌ನ ಸೆಟ್ಟಿಂಗ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಇದೆಯೇ ನೋಡಿ. ಇದ್ದರೆ ಚಾಲೂ ಮಾಡಿ, ಒಳಗಿನ ಜಾಲಕ್ಕೆ ಪ್ರವೇಶ ಬೇಡ ಎಂಬುದನ್ನು ಆರಿಸಿ. ಐಸೊಲೇಶನ್ ಎಂಬ ಆಯ್ಕೆ ಇದ್ದರೆ ಅದನ್ನೂ ಹಾಕಿ, ಒಬ್ಬ ಅತಿಥಿಯ ಫೋನು ಇನ್ನೊಬ್ಬರ ಫೋನನ್ನು ನೋಡಲಾರದು. ಗೋಡೆಯ ಚೀಟಿಯಲ್ಲಿ ಈ ಪಾಸ್‌ವರ್ಡ್ ಮಾತ್ರ ಇರಲಿ. ತಿಂಗಳಿಗೊಮ್ಮೆ, ಕಡೇಪಕ್ಷ ಸೀಸನ್ ಮುಗಿದ ಮೇಲೆ ಬದಲಿಸಿ, ಹೊಸ ಕ್ಯೂಆರ್ ಕೋಡ್ ಪ್ರಿಂಟ್ ಹಾಕಿಸಿ.

ಗೆಸ್ಟ್ ನೆಟ್‌ವರ್ಕ್ ಇಲ್ಲದ ಬಾಕ್ಸ್ ಆದರೆ ಇನ್ನೊಂದು ಸಾಧಾರಣ ರೂಟರ್ ತರಬೇಕು. ಇಲ್ಲಿ ಜೋಡಿಸುವ ಕ್ರಮ ಮುಖ್ಯ, ನಾನು ನೋಡಿದ ಎರಡು ಮನೆಗಳಲ್ಲಿ ಅದು ತಲೆಕೆಳಗಾಗಿತ್ತು. ಅತಿಥಿಗಳು ಸೇರಬೇಕಾದದ್ದು ಕಂಪನಿಯ ಮೊದಲ ಬಾಕ್ಸಿಗೆ. ಮನೆಯವರು ಸೇರಬೇಕಾದದ್ದು ಎರಡನೆಯ ರೂಟರ್‌ಗೆ. ಮೊದಲ ಬಾಕ್ಸಿನಿಂದ ಒಂದು ಕೇಬಲ್ ಎಳೆದು ಎರಡನೆಯದರ ವ್ಯಾನ್ (WAN, ಇಂಟರ್‌ನೆಟ್ ಒಳಬರುವ) ಎಂಬ ತೂತಿಗೇ ಹಾಕಿ. ಒಳಗಿನ ರೂಟರ್‌ನಿಂದ ಹೊರಗೆ ಹೋಗಬಹುದು, ಹೊರಗಿನ ಬಾಕ್ಸಿಗೆ ಸೇರಿದವರು ತಾವಾಗಿ ಒಳಕ್ಕೆ ಬರಲಾರರು. ಜಗಲಿಯಲ್ಲಿ ಕೂತವರಿಗೆ ನಡುಮನೆಯ ಬಾಗಿಲು ಹಾಕಿದ ಹಾಗೆ. ಉಲ್ಟಾ ಜೋಡಿಸಿದರೆ ಅತಿಥಿ ನಡುಮನೆಯಲ್ಲಿರುತ್ತಾನೆ, ನೀವು ಜಗಲಿಯಲ್ಲಿ. ಹೊರಗಿನ ಬಾಕ್ಸಿನ ಅಡ್ಮಿನ್ ಪಾಸ್‌ವರ್ಡ್ ಗಟ್ಟಿ ಇರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ. ಅತಿಥಿಗಳಿಗೆ ಅದರ ಲಾಗಿನ್ ಪುಟ ಕಾಣುತ್ತಿರುತ್ತದೆ.

ಇಂಟರ್‌ನೆಟ್ ಸಂಪರ್ಕ ನಿಮ್ಮ ಹೆಸರಿನಲ್ಲಿದೆ. ಅದರ ಮೂಲಕ ಯಾರು ಏನು ಮಾಡಿದರೂ ವಿಚಾರಣೆ ಮೊದಲು ಬರುವುದು ನಿಮ್ಮ ಬಾಗಿಲಿಗೇ. ಪಕ್ಕದ ತೋಟದವರು ಕೇಳಿದರೂ ಕೊಡುವುದು ಗೆಸ್ಟ್ ಪಾಸ್‌ವರ್ಡ್ ಆಗಿರಲಿ.

ಹೆಜ್ಜೆ 4: ಕ್ಯಾಮೆರಾ ಮತ್ತು ಡಿವಿಆರ್

ಕಣದಲ್ಲಿ ಕಾಫಿ ಒಣಗಲು ಹರವಿದಾಗ, ಮೆಣಸು ಕೊಯ್ದಾಗ ಕ್ಯಾಮೆರಾ ಬೇಕೇ ಬೇಕು. ಅದನ್ನು ಯಾರು ಯಾರು ನೋಡುತ್ತಿದ್ದಾರೆ ಎಂಬುದು ಮಾತ್ರ ಗೊತ್ತಿರಬೇಕು. ಡಿವಿಆರ್‌ನ ಆಪ್ ತೆರೆದು ಬಳಕೆದಾರರ ಪಟ್ಟಿ, ಶೇರ್ ಮಾಡಿದವರ ಪಟ್ಟಿ ನೋಡಿ. ಕ್ಯಾಮೆರಾ ಹಾಕಿದವರು ಪರೀಕ್ಷೆಗೆಂದು ತಮ್ಮ ಫೋನಿಗೂ ಸೇರಿಸಿಕೊಂಡಿರುತ್ತಾರೆ, ಕೆಲಸ ಮುಗಿದ ಮೇಲೆ ತೆಗೆಯಲು ಇಬ್ಬರೂ ಮರೆಯುತ್ತಾರೆ. ತೆಗೆಯಿರಿ, ಪಾಸ್‌ವರ್ಡ್ ಬದಲಿಸಿ. ಡಿವಿಆರ್ ಮೇಲಿನ ಕ್ಯೂಆರ್ ಸ್ಟಿಕ್ಕರ್‌ನ ಫೋಟೊ ಯಾರಿಗೂ ಕಳಿಸಬೇಡಿ. ಹಳೆಯ ಕ್ಯಾಮೆರಾಗಳಿಗಾಗಿ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿಟ್ಟಿದ್ದರೆ ಅಳಿಸಿ, ಅದು ಹೊರಲೋಕಕ್ಕೆ ನೇರ ತೆರೆದ ಕಿಟಕಿ. ಹೊಸ ಕ್ಯಾಮೆರಾ ಕೊಳ್ಳುವುದಾದರೆ 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಸಿಸಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಆ ಪರೀಕ್ಷೆ ಆದ ಮಾದರಿಯೇ ಎಂದು ಅಂಗಡಿಯಲ್ಲಿ ಕೇಳಿ.

ಕ್ಯಾಮೆರಾದ ಮುಖ ಯಾವ ಕಡೆಗಿದೆ ಎಂಬುದನ್ನೂ ನೋಡಿ. ಗೇಟು, ಗೋದಾಮು, ಕಣ ಸರಿ. ಕೆಲಸದವರ ಲೈನ್ ಮನೆಗಳ ಬಚ್ಚಲು, ನೀರಿನ ತೊಟ್ಟಿ ಅದರಲ್ಲಿ ಕಾಣುತ್ತಿದ್ದರೆ ಇವತ್ತೇ ತಿರುಗಿಸಿ. ಅಲ್ಲಿಯ ಹೆಣ್ಣುಮಕ್ಕಳು ಬಂದು ನಿಮ್ಮನ್ನು ಕೇಳುವುದಿಲ್ಲ, ಕೇಳುವ ಧೈರ್ಯ ಅವರಿಗಿಲ್ಲ. ಅತಿಥಿಗಳ ಕೋಣೆಯೊಳಗಂತೂ ಕ್ಯಾಮೆರಾ ಎಂಬ ಮಾತೇ ಇಲ್ಲ. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಹೊರಗೆ ಕ್ಯಾಮೆರಾ ಇರುವ ಜಾಗಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಹಾಕಿ.

ಹೆಜ್ಜೆ 5: ಫೋನು

ವಾಟ್ಸ್ಆಪ್‌ನಲ್ಲಿ ಎರಡು ಕೆಲಸ. ಸೆಟ್ಟಿಂಗ್ಸ್‌ನ ಅಕೌಂಟ್‌ನಲ್ಲಿ ಎರಡು ಹಂತದ ಪರಿಶೀಲನೆಗೆ 6 ಅಂಕಿಯ ಪಿನ್ ಹಾಕಿ. ಲಿಂಕ್ಡ್ ಡಿವೈಸಸ್ ತೆರೆದು ಗುರುತಿಲ್ಲದ ಕಂಪ್ಯೂಟರ್ ಇದ್ದರೆ ಲಾಗ್ಔಟ್ ಮಾಡಿ. ಪಹಣಿ, ಆಧಾರ್ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್ಆಪ್ ತೆರೆದು ಹಾಗೇ ಬಂದವರು ನಮ್ಮಲ್ಲಿ ಬಹಳ. ನಿಮ್ಮ ಸಂದೇಶಗಳೆಲ್ಲ ಆ ಅಂಗಡಿಯ ಪರದೆಯಲ್ಲಿ ಬರುತ್ತಲೇ ಇರುತ್ತವೆ. ಪೆನ್‌ಡ್ರೈವ್ ಒಯ್ಯಿರಿ. ಅಂಗಡಿಯ ನಂಬರಿಗೇ ಕಳಿಸಬೇಕಾದರೆ ಪ್ರಿಂಟ್ ಬಂದ ಮೇಲೆ ಎದುರಿಗೇ ಅಳಿಸಲು ಹೇಳಿ. ಸಂಕೋಚ ಬೇಡ, ಒಳ್ಳೆಯ ಅಂಗಡಿಯವರು ತಾವೇ ಅಳಿಸುತ್ತಾರೆ.

ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಹಣ ಎಂಬ ಹೆಸರಿನಲ್ಲಿ ಎಪಿಕೆ ಎಂದು ಕೊನೆಯಾಗುವ ಫೈಲ್ ಬಂದರೆ ಒತ್ತಬೇಡಿ, ಕಳಿಸಿದವರು ಸ್ವಂತ ಭಾವನೇ ಆಗಿದ್ದರೂ. ಅವರ ಫೋನ್ ಆಗಲೇ ಕಳ್ಳರ ಕೈಯಲ್ಲಿರಬಹುದು. ಅದು ಕರೆಯೋಲೆಯಲ್ಲ, ಒಟಿಪಿಗಳನ್ನು ಓದಿ ಬೇರೆಯವರಿಗೆ ರವಾನಿಸುವ ಆಪ್. ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆಪ್ ಹಾಕುವ ಅನುಮತಿಯನ್ನು ಹಿರಿಯರ ಫೋನಿನಲ್ಲಿ ಮುಚ್ಚಿಬಿಡಿ.

ಹೋಮ್‌ಸ್ಟೇಯವರಿಗೆ ಒಂದು ಮಾತು. ತಾನು ಸೇನೆಯವನು, ಹತ್ತು ಜನರಿಗೆ ಕೋಣೆ ಬೇಕು, ಅಡ್ವಾನ್ಸ್ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವ ಕರೆ ಬರುತ್ತದೆ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ. ಹಾಗೆಯೇ ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಹೋಮ್‌ಸ್ಟೇಯ ಫೋನ್ ನಂಬರ್ ನಿಮ್ಮದೇ ಇದೆಯೇ ಎಂದು ಆಗಾಗ ನೋಡಿ. ಬೇರೆಯವರು ತಿದ್ದುಪಡಿ ಸೂಚಿಸಿ ತಮ್ಮ ನಂಬರ್ ಸೇರಿಸಿದರೆ ಅಡ್ವಾನ್ಸ್ ಅವರಿಗೆ ಹೋಗುತ್ತದೆ, ಅತಿಥಿಗಳು ಬಂದು ನಿಲ್ಲುವುದು ನಿಮ್ಮ ಗೇಟಿಗೆ.

ಆಫೀಸಿನ ಲ್ಯಾಪ್‌ಟಾಪ್ ವಿಂಡೋಸ್ 10ರಲ್ಲಿದ್ದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕಿನ ಕೆಲಸಕ್ಕೆ ಅದನ್ನೇ ಬಳಸುತ್ತಿದ್ದರೆ ಬದಲಾವಣೆಯನ್ನು ಮುಂದೂಡಬೇಡಿ. ಸಂಪರ್ಕವನ್ನು ಬೇರೊಂದು ಕಂಪನಿಯ ಮೂಲಕ ಮುಚ್ಚಿಟ್ಟು ಕಳಿಸುವ ವಿಪಿಎನ್ ಬೇಕೇ ಎಂದು ಹಲವರು ಕೇಳುತ್ತಾರೆ. ಮನೆಯ ಸಂಪರ್ಕಕ್ಕೆ ಅಗತ್ಯವಿಲ್ಲ, ಉಚಿತ ವಿಪಿಎನ್ ಅಂತೂ ಬೇಡವೇ ಬೇಡ.

ಹೆಜ್ಜೆ 6: ಆಧಾರ್, ಮತ್ತು ಬೇರೆಯವರ ಕಾಗದಗಳು

ಹಳ್ಳಿಗಳಲ್ಲಿ ಬೆರಳೊತ್ತಿ ಹಣ ತೆಗೆಯುವ ಆಧಾರ್ ಪಾವತಿ ವ್ಯವಸ್ಥೆಗೆ ಒಟಿಪಿ ಬೇಕಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟೇ ಸಾಕು. ಕದ್ದ ಬೆರಳಚ್ಚಿನಿಂದ ಹಣ ಎಗರಿಸಿದ ಪ್ರಕರಣಗಳು ಇದರಲ್ಲೇ ಆದವು. ಆಧಾರ್ ಕೊಡುವ ಸಂಸ್ಥೆ ಯುಐಡಿಎಐಯ ಆಪ್ ಅಥವಾ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ಆ ದಾರಿ ಮುಚ್ಚುತ್ತದೆ. ಬೇಕಾದಾಗ ಸ್ವಲ್ಪ ಹೊತ್ತು ತೆರೆಯಬಹುದು. ಪಿಂಚಣಿಯನ್ನೋ ಪಡಿತರವನ್ನೋ ಹೆಬ್ಬೆಟ್ಟಿನಿಂದಲೇ ಪಡೆಯುವ ಹಿರಿಯರಿಗೆ ಮಾತ್ರ ಲಾಕ್ ಹಾಕುವ ಮುನ್ನ ಯೋಚಿಸಿ. ಅವರ ಜೊತೆ ಪ್ರತಿಸಲ ಹೋಗಿ ತೆರೆದುಕೊಡುವವರಿಲ್ಲದಿದ್ದರೆ ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಬರಬೇಕಾಗುತ್ತದೆ.

ಪ್ರತಿ ಕೊಡುವಾಗ ಮಾಸ್ಕ್ ಮಾಡಿದ ಆಧಾರ್ ಕೊಡಿ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಸಂಚಾರ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲೇ ತಿಳಿಸಬಹುದು. ಕಳೆದುಹೋದ ಫೋನನ್ನು ಬ್ಲಾಕ್ ಮಾಡುವುದೂ ಅಲ್ಲೇ.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು. ಅತಿಥಿಗಳ ಗುರುತಿನ ಚೀಟಿಯ ಫೋಟೊಗಳು ವಾಟ್ಸ್ಆಪ್‌ಗೆ ಬರುತ್ತವೆ, ಅಲ್ಲಿಂದ ತಾವಾಗಿ ಗ್ಯಾಲರಿಗೆ ಇಳಿಯುತ್ತವೆ, ಗ್ಯಾಲರಿಯಿಂದ ಗೂಗಲ್ ಫೋಟೋಸ್‌ಗೆ ಏರುತ್ತವೆ. ಮೂರು ವರ್ಷದ ಅತಿಥಿಗಳ ಆಧಾರ್ ಎಲ್ಲ ನಮ್ಮ ಅತ್ತಿಗೆಯ ಫೋನಿನಲ್ಲಿ ನಾಮಕರಣದ ಫೋಟೊಗಳ ನಡುವೆ ಇದ್ದವು. ಆ ಫೋನು ಮಗುವಿನ ಆಟಕ್ಕೂ ಹೋಗುತ್ತಿತ್ತು. ವಾಟ್ಸ್ಆಪ್‌ನ ಚಾಟ್ಸ್ ಸೆಟ್ಟಿಂಗ್‌ನಲ್ಲಿ ಮೀಡಿಯಾ ಗ್ಯಾಲರಿಯಲ್ಲಿ ಕಾಣುವುದನ್ನು ಆಫ್ ಮಾಡಿ, ಗೂಗಲ್ ಫೋಟೋಸ್‌ನಲ್ಲಿ ವಾಟ್ಸ್ಆಪ್ ಫೋಲ್ಡರ್‌ನ ಬ್ಯಾಕಪ್ ನಿಲ್ಲಿಸಿ. ರಿಜಿಸ್ಟರಿಗೆ ಬೇಕಾದ ವಿವರ ಬರೆದುಕೊಂಡು, ಇಟ್ಟುಕೊಳ್ಳಲೇಬೇಕಾದ ಪ್ರತಿಯನ್ನು ಲ್ಯಾಪ್‌ಟಾಪ್‌ನ ಪಾಸ್‌ವರ್ಡ್ ಇರುವ ಒಂದೇ ಜಾಗದಲ್ಲಿಟ್ಟು, ಫೋನಿನಿಂದ ಅಳಿಸಿ. ಕೆಲಸದವರ ಪಾಸ್‌ಬುಕ್, ಆಧಾರ್ ಪ್ರತಿಗಳಿಗೂ ಇದೇ ಕ್ರಮ. ಕೆಲಸ ಬಿಟ್ಟುಹೋದವರದ್ದು ಲೆಕ್ಕಕ್ಕೆ ಬೇಡವಾದ ಮೇಲೆ ಇಟ್ಟುಕೊಳ್ಳಲು ಕಾರಣವಿಲ್ಲ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಎತ್ತಿಹಿಡಿಯಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಲೈನ್ ಮನೆಯಲ್ಲಿರುವವರಿಗೂ ಆ ಹಕ್ಕು ಅಷ್ಟೇ ಇದೆ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬೇರೆಯವರ ವಿವರ ಸಂಗ್ರಹಿಸುವವರ ಮೇಲೆ ಅದನ್ನು ಕಾಯುವ ಹೊಣೆ ಹೊರಿಸುತ್ತದೆ.

ಏನಾದರೂ ತಪ್ಪಿದರೆ

ಹಣ ಹೋಯಿತು ಎಂದು ಗೊತ್ತಾದ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್, ಚಿಕ್ಕಮಗಳೂರಿನವರಿಗೆ ಈ ಸಂಖ್ಯೆ ಮರೆಯುವ ಹಾಗಿಲ್ಲ. ನಮ್ಮ ಅಮ್ಮನಿಗೆ ನಾನು ಹಾಗೆಯೇ ಹೇಳಿಕೊಟ್ಟಿದ್ದೇನೆ. ತಡಮಾಡಿದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ. ಬೇಗ ಹೇಳಿದರೆ ನಡುವೆ ತಡೆಹಿಡಿಯುವ ಅವಕಾಶವಿದೆ. ಆಮೇಲೆ ಬ್ಯಾಂಕಿಗೆ ಕರೆ ಮಾಡಿ, ಪಾಸ್‌ಬುಕ್ ಅಥವಾ ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೇ. ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರ್ ಇನ್ನೊಬ್ಬ ಕಳ್ಳನದ್ದಾಗಿರಬಹುದು. ಕೇಂದ್ರದ ಸೈಬರ್ ಕ್ರೈಂ ಜಾಲತಾಣದಲ್ಲಿ ದೂರು ದಾಖಲಿಸಿ, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಸಂದೇಶ, ಕರೆಯ ವಿವರ ಯಾವುದನ್ನೂ ಅಳಿಸಬೇಡಿ.

ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟು ಡಿಜಿಟಲ್ ಅರೆಸ್ಟ್ ಎನ್ನುವವರು ಪೊಲೀಸರಲ್ಲ. ಹಾಗೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಒಬ್ಬರೇ ಇರುವ ಹಿರಿಯರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು, ಹಣ ಕಳೆದುಕೊಂಡರೂ ಬೈಯುವುದಿಲ್ಲ ಎಂದೂ ಹೇಳಬೇಕು. ಮಕ್ಕಳು ಬೈಯುತ್ತಾರೆ ಎಂಬ ಹೆದರಿಕೆಗೇ ಎರಡು ದಿನ ಸುಮ್ಮನಿದ್ದವರನ್ನು ನೋಡಿದ್ದೇನೆ.

ವರ್ಷಕ್ಕೆ ಎರಡು ಸಲ

ಕೊಯ್ಲು ಮುಗಿದು ಲೆಕ್ಕ ಚುಕ್ತಾ ಆಗುವ ಮಾರ್ಚ್‌ನಲ್ಲಿ ಒಮ್ಮೆ, ಮಳೆಗಾಲ ಹಿಡಿಯುವ ಮುಂಚೆ ಮೇ ಕೊನೆಯಲ್ಲಿ ಒಮ್ಮೆ ನೋಟ್‌ಬುಕ್ ತೆಗೆದು ರೂಟರ್, ಡಿವಿಆರ್, ಲಿಂಕ್ಡ್ ಡಿವೈಸಸ್ ಮೂರನ್ನೂ ನೋಡುತ್ತೇನೆ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಗೂಗಲ್ ಖಾತೆಯಲ್ಲಿ ಇನ್ಆಕ್ಟಿವ್ ಅಕೌಂಟ್ ಮ್ಯಾನೇಜರ್ ಎಂಬುದಿದೆ. 3ರಿಂದ 18 ತಿಂಗಳು ಖಾತೆ ಬಳಕೆಯಾಗದಿದ್ದರೆ ಯಾರಿಗೆ ತಿಳಿಸಬೇಕು, ಏನು ಕೊಡಬೇಕು ಎಂದು ಅದರಲ್ಲಿ ಬರೆದಿಡಬಹುದು. ನಾನು ತಂಗಿಯ ಹೆಸರು ಹಾಕಿದ್ದೇನೆ. ನೋಟ್‌ಬುಕ್ ಅಮ್ಮನ ಬೀರುವಿನಲ್ಲಿ, ಪಾಸ್‌ಬುಕ್ಕುಗಳ ಕೆಳಗಿದೆ. ಅದು ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿದೆ.